ಇಂಜಿ ಮದ್ದು ಹೌದು, ಆದರೆ ಎಲ್ಲ ನೋವಿಗೂ ಅಲ್ಲ

ಮಳೆಗಾಲ ಹಿಡಿಯಿತೆಂದರೆ ನಮ್ಮ ಮನೆಗಳ ಅಡುಗೆಕೋಣೆಯಲ್ಲಿ ಬೆಳಗ್ಗೆ ಮೊದಲು ಕೇಳುವ ಸದ್ದು ಕಲ್ಲಿನ ಮೇಲೆ ಇಂಜಿ ಜಜ್ಜುವ ಸದ್ದು. ಹೊರಗೆ ಧೋ ಎಂದು ಸುರಿಯುವ ಮಳೆ, ಒಳಗೆ ಮೂಗು ಸೋರಿಸಿಕೊಂಡು ಶಾಲೆಗೆ ರಜೆ ಕೇಳುವ ಮಕ್ಕಳು, ಒಲೆಯ ಮೇಲೆ ಕೊತಕೊತ ಕುದಿಯುವ ಕಷಾಯ. ಖಾರ ಎಂದು ಮುಖ ಸಿಂಡರಿಸುವವರಿಗೆ ಒಂದು ತುಂಡು ಬೆಲ್ಲದ ಆಸೆ. ನಮ್ಮಲ್ಲಿ ಹೆಚ್ಚಿನವರು ಬೆಳೆದದ್ದು ಹೀಗೇ.

ಕನ್ನಡದಲ್ಲಿ ಶುಂಠಿ, ನಮ್ಮ ಬ್ಯಾರಿ ಬಾಸೆಯಲ್ಲಿ ಇಂಜಿ, ಒಣಗಿಸಿದರೆ ಚುಕ್ಕು. ಹೊಟ್ಟೆ ಉಬ್ಬರಿಸಿತಾ, ಇಂಜಿ. ಗಂಟಲು ಕೆರೆಯಿತಾ, ಇಂಜಿ. ಬಸ್ಸಿನಲ್ಲಿ ವಾಂತಿ ಬರ್ತದಾ, ಕಿಸೆಯಲ್ಲಿ ಒಂದು ತುಂಡು ಇಂಜಿ ಇಟ್ಟುಕೋ. ಬಾಣಂತಿಗೆ ಚುಕ್ಕು, ಬಿರಿಯಾನಿಗೆ ಇಂಜಿ, ಸುಲೈಮಾನಿಗೂ ಇಂಜಿ. 'ಚುಕ್ಕಿಲ್ಲದ ಕಷಾಯ ಇಲ್ಲ' ಎಂಬ ಮಾತು ಪಕ್ಕದ ಮಲಯಾಳದಲ್ಲೂ ಉಂಟು. 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಗೆ ಇಂಜಿ ಒಂದು ಅಪವಾದ. ಹಿತ್ತಲಲ್ಲೇ ಬೆಳೆದರೂ ಅದನ್ನು ಮದ್ದು ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೆ.

ಇಂಜಿಯ ಗುಣ ಹೇಳುವ ಬರಹಗಳಿಗೆ ಕೊರತೆಯಿಲ್ಲ. ದಿನಕ್ಕೆ ನಾಲ್ಕು ನಮ್ಮ ಮೊಬೈಲಿಗೇ ಬಂದು ಬೀಳುತ್ತವೆ. ಆದರೂ ನಾವು ಇದನ್ನು ಬರೆಯಲು ಒಂದು ಕಾರಣ ಇದೆ. ಅದನ್ನು ಮೊದಲು ಹೇಳಿಬಿಡುತ್ತೇವೆ.

ಒಂದು ರಂಝಾನ್ ರಾತ್ರಿ

ಕೆಲವು ವರ್ಷಗಳ ಹಿಂದಿನ ಮಾತು. ರಂಝಾನ್ ತಿಂಗಳು. ನಮ್ಮ ಮಾಮ, ಆಗ ವಯಸ್ಸು 52, ತರಾವೀಹ್ ಮುಗಿಸಿ ಮನೆಗೆ ಬಂದವರು ಎದೆಯ ನಡುವೆ ಉರಿ ಎಂದರು. ಇಫ್ತಾರಿಗೆ ಸಮೋಸ, ಕಟ್ಲೆಟ್ ಎಲ್ಲ ಸ್ವಲ್ಪ ಜಾಸ್ತಿಯೇ ತಿಂದಿದ್ದರು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. 'ಗ್ಯಾಸ್ ಆಗಿರ್ಬೇಕು' ಎಂದು ಅವರೇ ಹೇಳಿದರು. ಉಮ್ಮ ಇಂಜಿ ಜಜ್ಜಿ, ಲಿಂಬೆ ಹಿಂಡಿ, ಉಪ್ಪು ಹಾಕಿ ಕೊಟ್ಟರು. ಕುಡಿದರು. ಎರಡು ತೇಗು ಬಂತು. 'ಈಗ ಪರವಾಗಿಲ್ಲ' ಎಂದು ಮಲಗಿದರು.

ರಾತ್ರಿ ಒಂದು ಗಂಟೆಗೆ ಇನ್ನೊಂದು ಲೋಟ ಕೇಳಿದರು. ಬನಿಯನ್ ಒದ್ದೆಯಾಗಿ ಎರಡು ಸಲ ಬದಲಿಸಿದರು. ಸೆಕೆಗೆ ಬೆವರು ಎಂದುಕೊಂಡೆವು. ಎಡಗೈ ಭಾರ ಎಂದರು. ಅಡ್ಡ ಮಲಗಿದ್ದಕ್ಕೆ ಎಂದುಕೊಂಡೆವು. ಸಹರಿಯ ಹೊತ್ತಿಗೆ ವಾಂತಿಯಾಗಿ ಮುಖ ಬಿಳಿಚಿಕೊಂಡಾಗ ಮಾತ್ರ ಕಾರು ತೆಗೆದೆವು.

ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ವೈದ್ಯರು ಕೇಳಿದ ಮೊದಲ ಪ್ರಶ್ನೆ, 'ನೋವು ಶುರುವಾದದ್ದು ಎಷ್ಟು ಗಂಟೆಗೆ?' ಹತ್ತು ಗಂಟೆಗೆ ಎಂದೆವು. ಗೋಡೆಯ ಗಡಿಯಾರ ಐದು ತೋರಿಸುತ್ತಿತ್ತು. ಏಳು ಗಂಟೆ. ಅದು ಹೃದಯಾಘಾತ. ಹೃದಯಕ್ಕೆ ರಕ್ತ ಒಯ್ಯುವ ನಾಳ ಮುಚ್ಚಿಹೋದರೆ ಆ ಭಾಗದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ. ಬೇಗ ಬಂದಿದ್ದರೆ ಎಷ್ಟೋ ಉಳಿಸಬಹುದಿತ್ತು ಎಂದು ಅವರು ಮೆಲ್ಲಗೆ ಹೇಳಿದರು.

ಮಾಮ ಉಳಿದರು, ಅಲ್‌ಹಮ್ದುಲಿಲ್ಲಾಹ್. ಆದರೆ ಮಸೀದಿಯ ಮೆಟ್ಟಿಲು ಹತ್ತುವಾಗ ಈಗ ಮಧ್ಯದಲ್ಲಿ ಒಮ್ಮೆ ನಿಲ್ಲುತ್ತಾರೆ. ಉಮ್ಮ ಇವತ್ತಿಗೂ ಕೇಳುವುದುಂಟು, 'ನಾನು ಇಂಜಿ ಕೊಡದಿದ್ರೆ ನಾವು ಬೇಗ ಹೋಗ್ತಿದ್ದೆವಾ?' ತಪ್ಪು ಇಂಜಿಯದ್ದಲ್ಲ, ಉಮ್ಮನದ್ದೂ ಅಲ್ಲ. ಇಂಜಿ ಯಾವುದಕ್ಕೆ ಆಗ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಷ್ಟೇ.

ಅದಕ್ಕೇ ಈ ಬರಹ. ಮೊದಲು ಇಂಜಿಯ ಒಳ್ಳೆಯದನ್ನು ಹೇಳೋಣ, ಅದಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಆಮೇಲೆ ಅದರ ಗಡಿ ಎಲ್ಲಿ ಎಂದು ನೋಡೋಣ.

ನಮ್ಮ ಬಂದರಿನ ಹಳೆಯ ಸರಕು

ಇಂಜಿಗೂ ನಮ್ಮ ಕರಾವಳಿಗೂ ಇರುವ ನಂಟು ನಿನ್ನೆ ಮೊನ್ನೆಯದ್ದಲ್ಲ. 14ನೇ ಶತಮಾನದಲ್ಲಿ ಈ ದಾರಿಯಾಗಿ ಹೋದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಮಂಗಳೂರನ್ನು 'ಮಂಜರೂರು' ಎಂದು ಕರೆದು, ಇಲ್ಲಿಗೆ ಯಮನ್ ಮತ್ತು ಪರ್ಶಿಯಾದ ವರ್ತಕರು ಬಂದಿಳಿಯುತ್ತಾರೆ, ಇಲ್ಲಿ ಕರಿಮೆಣಸು ಮತ್ತು ಶುಂಠಿ ಹೇರಳವಾಗಿ ಸಿಗುತ್ತದೆ ಎಂದು ಬರೆದಿಟ್ಟಿದ್ದಾನೆ. ಬ್ಯಾರಿ ಎಂಬ ಹೆಸರು 'ವ್ಯಾಪಾರ'ದಿಂದಲೇ ಬಂದದ್ದು ಎಂದು ಹೇಳುವವರಿದ್ದಾರೆ. ಆ ವ್ಯಾಪಾರದ ಮೂಟೆಗಳಲ್ಲಿ ಚುಕ್ಕಿನದೂ ಒಂದಿತ್ತು ಎಂದಾಯಿತು. ಹಸಿ ಇಂಜಿ ತಿಂಗಳುಗಟ್ಟಲೆ ಹಡಗಿನಲ್ಲಿ ಉಳಿಯಲಾರದು. ಒಣಗಿಸಿದ ಚುಕ್ಕು ಉಳಿಯುತ್ತದೆ.

ಹೆಸರಿನ ನಂಟು ಇನ್ನೂ ಸ್ವಾರಸ್ಯದ್ದು. ನಮ್ಮ ಇಂಜಿ, ಅರಬಿಯ ಝಂಜಬೀಲ್, ಇಂಗ್ಲಿಷಿನ ಜಿಂಜರ್, ಈ ಮೂರೂ ಒಂದೇ ಕುಟುಂಬದ ಮಾತುಗಳು. ಸರಕು ಹೋದಲ್ಲೆಲ್ಲ ಹೆಸರೂ ಹೋಯಿತು. ಪವಿತ್ರ ಕುರ್‌ಆನಿನ 76ನೇ ಅಧ್ಯಾಯದಲ್ಲಿ ಸ್ವರ್ಗವಾಸಿಗಳಿಗೆ ಸಿಗುವ ಪಾನೀಯದ ವರ್ಣನೆಯಲ್ಲಿ ಝಂಜಬೀಲ್ ಹೆಸರು ಬರುತ್ತದೆ. ಇಂಜಿಯ ಬಗ್ಗೆ ನಮ್ಮ ಹಿರಿಯರಿಗೆ ಪ್ರೀತಿ ಹೆಚ್ಚಲು ಅದೂ ಒಂದು ಕಾರಣ. ಆದರೆ ಅದು ಸ್ವರ್ಗದ ಪಾನೀಯದ ವರ್ಣನೆ. ಇಂತಿಂಥ ರೋಗಕ್ಕೆ ಇಷ್ಟಿಷ್ಟು ಕುಡಿಯಿರಿ ಎಂಬ ಚೀಟಿ ಅಲ್ಲ. ಮದ್ದು ಮಾರುವವರು ಈ ವ್ಯತ್ಯಾಸವನ್ನು ಮರೆಸಿ ಹೇಳುವುದುಂಟು, ಅದಕ್ಕೇ ಈ ಮಾತು ಹೇಳಿದೆವು.

ಖಾರ ಎಲ್ಲಿಂದ ಬರ್ತದೆ?

ನಾವು ಇಂಜಿಯನ್ನು ಬೇರು ಎನ್ನುತ್ತೇವೆ. ನಿಜವಾಗಿ ಅದು ಬೇರಲ್ಲ, ಮಣ್ಣಿನೊಳಗೆ ಅಡ್ಡಡ್ಡ ಬೆಳೆಯುವ ಕಾಂಡ. ಅರಸಿನ, ಏಲಕ್ಕಿ ಎಲ್ಲ ಇದರ ನೆಂಟರೇ. ಹಸಿ ಇಂಜಿಯ ಖಾರಕ್ಕೆ ಮುಖ್ಯ ಕಾರಣ ಜಿಂಜರಾಲ್ ಎಂಬ ವಸ್ತು. ಇಂಜಿಯನ್ನು ಒಣಗಿಸಿದಾಗ ಅದರಲ್ಲಿ ಸ್ವಲ್ಪ ಶೋಗಾಲ್ ಎಂಬ ಇನ್ನೊಂದು ವಸ್ತುವಾಗಿ ಬದಲಾಗುತ್ತದೆ. ಅದು ಜಿಂಜರಾಲ್‌ಗಿಂತಲೂ ಖಾರ. ಚುಕ್ಕಿನ ಕಷಾಯ ಗಂಟಲಲ್ಲಿ ಇಳಿಯುವಾಗ ಸುಡುವುದು ಅದರಿಂದ. ಬೇಯಿಸಿದಾಗ ಇದೇ ಜಿಂಜರಾಲ್ ಜಿಂಜರೋನ್ ಆಗಿ ಖಾರ ಕಡಿಮೆಯಾಗಿ ಸಿಹಿ ಪರಿಮಳ ಬರುತ್ತದೆ. ಬಿರಿಯಾನಿ ಮಸಾಲೆಯಲ್ಲಿ ಅಷ್ಟೊಂದು ಇಂಜಿ ಹಾಕಿದರೂ ನಾಲಿಗೆ ಉರಿಯದಿರುವ ಗುಟ್ಟು ಇದರಲ್ಲಿದೆ.

ಹಾಗಾಗಿ ಹಸಿ ಇಂಜಿ, ಚುಕ್ಕು, ಬೇಯಿಸಿದ ಇಂಜಿ ಮೂರೂ ಬೇರೆ ಬೇರೆ. ಹಿರಿಯರು 'ಇದಕ್ಕೆ ಹಸಿ, ಅದಕ್ಕೆ ಒಣ' ಎಂದು ಬೇರೆ ಮಾಡಿ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ಯಾವುದಕ್ಕೆ ನಿಜವಾಗಿ ಆಗ್ತದೆ

ಇಂಜಿಯ ಬಗ್ಗೆ ವೈದ್ಯರು ಸಾಕಷ್ಟು ಪರೀಕ್ಷೆ ನಡೆಸಿದ್ದಾರೆ. ಅದರಲ್ಲಿ ಚೆನ್ನಾಗಿ ನಿಂತದ್ದು ವಾಕರಿಕೆಯ ವಿಷಯ. ಗರ್ಭಿಣಿಯರಿಗೆ ಮೊದಲ ತಿಂಗಳುಗಳಲ್ಲಿ ಬರುವ ಓಕರಿಕೆಗೆ ಇಂಜಿ ಕೊಡಬಹುದು ಎಂದು ಬ್ರಿಟನ್ ಮತ್ತು ಅಮೆರಿಕದ ವೈದ್ಯರ ಮಾರ್ಗಸೂಚಿಗಳೂ ಹೇಳುತ್ತವೆ. ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಕೊಟ್ಟದ್ದು ದಿನಕ್ಕೆ 1 ಗ್ರಾಂ ಚುಕ್ಕಿನ ಪುಡಿ, ಅದೂ ಒಟ್ಟಿಗೆ ಅಲ್ಲ, ಮೂರು ನಾಲ್ಕು ಸಲ ಹಂಚಿಕೊಂಡು. ನಮ್ಮ ಲೆಕ್ಕದಲ್ಲಿ ಇಡೀ ದಿನಕ್ಕೆ ಸುಮಾರು ಅರ್ಧ ಚಾ ಚಮಚ ಪುಡಿ. ಅದಕ್ಕಿಂತ ಹೆಚ್ಚು ಕುಡಿದರೆ ಹೆಚ್ಚು ಗುಣ ಬರುವುದಿಲ್ಲ, ಎದೆ ಉರಿ ಬರ್ತದೆ. ಓಕರಿಕೆ ತಗ್ಗುತ್ತದೆ, ಆದರೆ ವಾಂತಿ ಪೂರ್ತಿ ನಿಲ್ಲುತ್ತದೆ ಎಂದು ಹೇಳಲಾಗದು. ನೀರು ಕೂಡ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಇಂಜಿ ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿ ಸೊಸೆಗೆ ಏನು ಕೊಡುವುದಿದ್ದರೂ ನೋಡುತ್ತಿರುವ ವೈದ್ಯರಿಗೆ ಒಂದು ಮಾತು ಹೇಳಿಯೇ ಕೊಡಿ.

ಎರಡನೆಯದು ಅಜೀರ್ಣ. ಇಂಜಿ ಹೊಟ್ಟೆಯಲ್ಲಿರುವ ಆಹಾರ ಮುಂದಕ್ಕೆ ಸಾಗಲು ಸಹಾಯ ಮಾಡುತ್ತದೆ. ಮದುವೆ ಮನೆಯಲ್ಲಿ ಬಿರಿಯಾನಿ ಉಂಡು ಹೊಟ್ಟೆ ಕಲ್ಲಾದ ಹಾಗೆ ಆಗುತ್ತದಲ್ಲ, ಅಂಥದ್ದಕ್ಕೆ ಒಂದು ಲೋಟ ಇಂಜಿ ನೀರು ಹಿತ. ಆದರೆ ಹೊಟ್ಟೆ ಭಾರ ಬೇರೆ, ಎದೆ ಉರಿ ಬೇರೆ. ಹುಳಿ ತೇಗು, ಅಸಿಡಿಟಿ, ಹೊಟ್ಟೆ ಹುಣ್ಣು ಇರುವವರಿಗೆ ಇಂಜಿ ಉರಿಯನ್ನು ಇನ್ನೂ ಹೆಚ್ಚಿಸಬಹುದು. ಇಡೀ ದಿನ ಖಾಲಿ ಇದ್ದ ಹೊಟ್ಟೆಗೆ ಇಫ್ತಾರಿನಲ್ಲಿ ಮೊದಲೇ ಖಾರದ ಇಂಜಿ ಲಿಂಬೆ ಸುರಿಯುವುದು ಅಂಥವರಿಗೆ ಒಳ್ಳೆಯದಲ್ಲ.

ಮೂರನೆಯದು ಹೆಣ್ಣುಮಕ್ಕಳ ತಿಂಗಳ ನೋವು. ಮುಟ್ಟಿನ ಮೊದಲ ಮೂರು ದಿನ ಚುಕ್ಕಿನ ಪುಡಿ ತೆಗೆದುಕೊಂಡವರಿಗೆ ನೋವು ತಗ್ಗಿದ್ದು ಹಲವು ಪರೀಕ್ಷೆಗಳಲ್ಲಿ ಕಂಡಿದೆ. ನಮ್ಮ ಅಜ್ಜಿಯರು ಬೆಲ್ಲ ಸೇರಿಸಿ ಚುಕ್ಕಿನ ಉಂಡೆ ಕೊಡುತ್ತಿದ್ದುದಕ್ಕೆ ಅರ್ಥ ಇತ್ತು. ಈ ವಿಷಯ ಮನೆಯಲ್ಲಿ ಬಾಯಿಬಿಟ್ಟು ಹೇಳಲು ನಾಚುವ ಮಗಳಿಗೆ ಉಮ್ಮ ತಾನಾಗಿ ಕೇಳಿ ಕೊಟ್ಟರೆ ಅರ್ಧ ನೋವು ಅಲ್ಲಿಗೇ ಹೋಗ್ತದೆ. ಆದರೆ ಪ್ರತಿ ತಿಂಗಳೂ ಹಾಸಿಗೆ ಹಿಡಿಯುವಷ್ಟು ನೋವಿದ್ದರೆ ಅದನ್ನು 'ಎಲ್ಲರಿಗೂ ಇರ್ತದೆ' ಎಂದು ಮುಚ್ಚಿಡಬೇಡಿ, ಸ್ತ್ರೀರೋಗ ವೈದ್ಯರಿಗೆ ತೋರಿಸಿ.

ಮೊಣಕಾಲು ಸವೆದ ನೋವಿಗೆ ಇಂಜಿ ಸ್ವಲ್ಪ ಮಟ್ಟಿಗೆ ಆರಾಮ ಕೊಡುತ್ತದೆ, ಅದೂ ಎಲ್ಲರಿಗೂ ಅಲ್ಲ. ಶೀತ, ಗಂಟಲು ಕೆರೆತಕ್ಕೆ ಬಿಸಿ ಕಷಾಯ ಹಿತ ಕೊಡುತ್ತದೆ, ಕಫ ಸಡಿಲವಾದ ಹಾಗೆ ಅನಿಸುತ್ತದೆ. ಶೀತವನ್ನು ಇಂಜಿ ಓಡಿಸುತ್ತದೆ ಎನ್ನಲಾಗದು. ಶೀತ ವಾರದಲ್ಲಿ ತಾನಾಗಿ ಹೋಗ್ತದೆ. ಆ ವಾರವನ್ನು ಕಳೆಯಲು ಇಂಜಿ ಜೊತೆಗಿರ್ತದೆ, ಅಷ್ಟು ಸಾಕಲ್ಲ!

ಮನೆಯಲ್ಲಿ ಮಾಡುವ ಬಗೆ

ಇಂಜಿ ನೀರು: ಅರ್ಧ ಇಂಚು ಹಸಿ ಇಂಜಿಯ ಸಿಪ್ಪೆಯನ್ನು ಚಮಚದ ಅಂಚಿನಿಂದ ಕೆರೆದು ತೆಗೆಯಿರಿ. ಚೂರಿಯಲ್ಲಿ ಕೆತ್ತಿದರೆ ಸಿಪ್ಪೆಯ ಜೊತೆ ಒಳಗಿನದ್ದೂ ಹೋಗ್ತದೆ. ಜಜ್ಜಿ ಒಂದೂವರೆ ಲೋಟ ನೀರಿಗೆ ಹಾಕಿ ಐದು ನಿಮಿಷ ಕುದಿಸಿ, ಸೋಸಿ, ಉಗುರು ಬೆಚ್ಚಗಾದ ಮೇಲೆ ಗುಟುಕು ಗುಟುಕಾಗಿ ಕುಡಿಯಿರಿ. ಹೊಟ್ಟೆ ಭಾರಕ್ಕೆ, ಓಕರಿಕೆಗೆ ಇದೇ ಸಾಕು.

ಚುಕ್ಕು ಕಷಾಯ: ಒಂದು ಸಣ್ಣ ತುಂಡು ಚುಕ್ಕು, ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಒಟ್ಟಿಗೆ ಜಜ್ಜಿ ಎರಡು ಲೋಟ ನೀರಿನಲ್ಲಿ ಒಂದೂವರೆ ಲೋಟಕ್ಕೆ ಇಳಿಯುವವರೆಗೆ ಕುದಿಸಿ. ಬೆಲ್ಲ ಕೊನೆಗೆ. ತುಳಸಿ ಇದ್ದರೆ ನಾಲ್ಕು ಎಲೆ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಬೇಕು. 'ಬೆಲ್ಲ ಅಲ್ವಾ, ಸಕ್ಕರೆ ಅಲ್ಲವಲ್ಲ' ಎಂದು ಸಮಾಧಾನ ಮಾಡಿಕೊಳ್ಳುವುದುಂಟು. ರಕ್ತದಲ್ಲಿ ಎರಡೂ ಒಂದೇ ಮಾರಾಯ್ರೆ.

ಇಂಜಿ ಮಜ್ಜಿಗೆ: ಬೇಸಿಗೆಯಲ್ಲಿ, ರಂಝಾನಿನಲ್ಲಿ ಒಳ್ಳೆಯದು. ನೀರು ಮಜ್ಜಿಗೆಗೆ ಸ್ವಲ್ಪ ಜಜ್ಜಿದ ಇಂಜಿ, ಕರಿಬೇವು, ಚಿಟಿಕೆ ಉಪ್ಪು. ಅಸಿಡಿಟಿ ಇರುವವರು ಇಂಜಿ ಕಡಿಮೆ ಮಾಡಿ.

ಪ್ರಯಾಣಕ್ಕೆ: ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಯ ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಬರುವುದು ನಮಗೆಲ್ಲ ಗೊತ್ತು. ಹೊರಡುವ ಅರ್ಧ ಗಂಟೆ ಮೊದಲು ಸ್ವಲ್ಪ ಇಂಜಿ ನೀರು, ದಾರಿಯಲ್ಲಿ ಬಾಯಲ್ಲಿಡಲು ದೊಡ್ಡ ಮಕ್ಕಳಿಗೆ ಉಪ್ಪು ಹಚ್ಚಿದ ತೆಳು ಚೂರು. ಕೆಲವರಿಗೆ ಆಗ್ತದೆ, ಕೆಲವರಿಗೆ ಆಗುವುದಿಲ್ಲ. ಹೊಟ್ಟೆ ತುಂಬ ತಿನ್ನಿಸದೆ, ಮುಂದಿನ ಸೀಟಿನಲ್ಲಿ ಕೂರಿಸಿ ಹೊರಗೆ ದೂರಕ್ಕೆ ನೋಡಲು ಹೇಳಿದರೆ ಇಂಜಿಯ ಕೆಲಸ ಹಗುರವಾಗ್ತದೆ.

ಗಲ್ಫಿಗೆ ಹೋಗುವವರ ಪೆಟ್ಟಿಗೆಯಲ್ಲಿ ಉಮ್ಮ ಕಟ್ಟಿಕೊಡುವ ಚುಕ್ಕಿನ ಪುಡಿಯ ಪೊಟ್ಟಣಕ್ಕೂ ಒಂದು ಮಾತು. ಒದ್ದೆ ಚಮಚ ಹಾಕಬೇಡಿ, ಬಿಗಿ ಮುಚ್ಚಳದ ಬಾಟಲಿಯಲ್ಲಿಡಿ. ಬೂಸ್ಲು ಬಂದರೆ ಕೆರೆದು ಬಳಸುವುದಲ್ಲ, ಎಸೆಯುವುದು.

ಇಲ್ಲಿ ಇಂಜಿ ಆಗುವುದಿಲ್ಲ

ಈಗ ನಾವು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇವೆ.

ಮೊದಲನೆಯದು ಎದೆ. ಎದೆಯ ನಡುವೆ ಒತ್ತಿದ ಹಾಗೆ, ಬಿಗಿದ ಹಾಗೆ, ಉರಿದ ಹಾಗೆ ಆಗಿ ಹತ್ತು ಹದಿನೈದು ನಿಮಿಷದಲ್ಲಿ ಹೋಗದಿದ್ದರೆ, ಜೊತೆಗೆ ತಣ್ಣನೆ ಬೆವರು, ಕೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ಉಸಿರು ಕಟ್ಟುವುದು, ವಾಂತಿ ಇದ್ದರೆ, ಅದು ಗ್ಯಾಸ್ ಎಂದು ತೀರ್ಮಾನಿಸುವ ಹಕ್ಕು ನಮಗಿಲ್ಲ. ಅದನ್ನು ಹೇಳಬೇಕಾದದ್ದು ಇಸಿಜಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ಬರೇ ಸುಸ್ತು, ಓಕರಿಕೆ, ಹೊಟ್ಟೆಯ ಮೇಲ್ಭಾಗದ ಉರಿ ಮಾತ್ರ ಇರುವುದೂ ಉಂಟು. ತೇಗು ಬಂದು ಹಗುರಾಯಿತು ಎಂಬುದು ಹೃದಯ ಸರಿ ಇದೆ ಎಂಬುದಕ್ಕೆ ಸಾಕ್ಷಿ ಅಲ್ಲ. ನಮ್ಮ ಮಾಮನಿಗೂ ತೇಗು ಬಂದಿತ್ತು. 108ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ಇಸಿಜಿ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ರೋಗಿಯನ್ನು ನಡೆಸಬೇಡಿ, ಬೈಕ್ ಓಡಿಸಲು ಬಿಡಬೇಡಿ. ಮಧ್ಯರಾತ್ರಿ ನೆರೆಮನೆಯವರನ್ನು ಎಬ್ಬಿಸಲು ನಾಚಿಕೆ ಬೇಡ. ಹೋಗಿ ನೋಡಿ ಗ್ಯಾಸ್ ಎಂದೇ ಆದರೆ ನಕ್ಕು ಮನೆಗೆ ಬರಬಹುದು.

ಎರಡನೆಯದು ಜ್ವರ. ನಮ್ಮ ಮಂಗಳೂರು ಕಡೆಯ ಮಳೆಗಾಲಕ್ಕೆ ಮಲೇರಿಯಾ, ಡೆಂಗಿ, ಇಲಿಜ್ವರ ಹೊಸತಲ್ಲ. ಕಷಾಯ ಕುಡಿದು ಬೆವರಿ ಜ್ವರ ಇಳಿದ ಹಾಗೆ ಕಾಣುತ್ತದೆ. ಮಲೇರಿಯಾದಲ್ಲಿ ಜ್ವರ ಹೇಗೂ ಬಿಟ್ಟು ಬಿಟ್ಟು ಬರುವಂಥದ್ದೇ. ಡೆಂಗಿಯಲ್ಲಿ ಅಪಾಯ ಶುರುವಾಗುವುದು ಹೆಚ್ಚಾಗಿ ಜ್ವರ ಇಳಿಯುವ ದಿನಗಳಲ್ಲೇ. ಹಾಗಾಗಿ ಎರಡು ದಿನ ದಾಟಿದ ಜ್ವರಕ್ಕೆ, ಚಳಿ ನಡುಕ ಇರುವ ಜ್ವರಕ್ಕೆ ಕಷಾಯದ ಲೋಟಕ್ಕಿಂತ ಮೊದಲು ರಕ್ತ ಪರೀಕ್ಷೆ ಆಗಬೇಕು. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಮಲೇರಿಯಾ ಪರೀಕ್ಷೆಗೆ ದುಡ್ಡಿಲ್ಲ. ಕಷಾಯ ಬೇಕಿದ್ದರೆ ಪರೀಕ್ಷೆಗೆ ಕೊಟ್ಟು ಬಂದ ಮೇಲೆ ಕುಡಿಯಿರಿ, ಯಾರೂ ಬೇಡ ಎನ್ನುವುದಿಲ್ಲ.

ಮೂರನೆಯದು ಶಿಶುಗಳು. ಹೊಟ್ಟೆನೋವಿಗೆ ಮಗು ಬೊಬ್ಬೆ ಹೊಡೆಯುತ್ತದೆ ಎಂದು ಹಸುಗೂಸಿನ ನಾಲಿಗೆಗೆ ಇಂಜಿ ರಸ, ಜೇನು ಹಚ್ಚುವ ರೂಢಿ ಕೆಲವು ಮನೆಗಳಲ್ಲಿದೆ. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ. ಜೇನಂತೂ ಒಂದು ವರ್ಷ ತುಂಬುವವರೆಗೆ ಕೊಡಲೇಬಾರದು. ಜೇನಿನಲ್ಲಿರಬಹುದಾದ ಒಂದು ರೋಗಾಣು ಶಿಶುವಿನ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ. ದೊಡ್ಡವರಿಗೆ ಏನೂ ಮಾಡದ ಜೇನು ಅಷ್ಟು ಸಣ್ಣ ಮಗುವಿಗೆ ಪ್ರಾಣಾಪಾಯ ತರಬಲ್ಲದು.

ಮೊಬೈಲಿನ 'ಬ್ಲಾಕ್ ಮದ್ದು'

ಮಾಮನಿಗೆ ಸ್ಟೆಂಟ್ ಹಾಕಿ ಮನೆಗೆ ಬಂದ ವಾರವೇ ಅವರ ಮೊಬೈಲಿಗೆ ಒಂದು ಸಂದೇಶ ಬಂತು. ನಿಮಗೂ ಬಂದಿರುತ್ತದೆ. ಇಂಜಿ ರಸ, ಬೆಳ್ಳುಳ್ಳಿ ರಸ, ಲಿಂಬೆ ರಸ, ಸೇಬಿನ ವಿನೆಗರ್ ಸಮ ಸಮ ಸೇರಿಸಿ ಕುದಿಸಿ, ಜೇನು ಹಾಕಿ ದಿನಾ ಬೆಳಗ್ಗೆ ಕುಡಿದರೆ ಹೃದಯದ ಬ್ಲಾಕ್ ಎಲ್ಲ ಕರಗಿ ಹೋಗ್ತದಂತೆ. ಆಪರೇಷನ್ ಬೇಡವಂತೆ. ಒಂದೇ ದಿನದಲ್ಲಿ ಇದೇ ಸಂದೇಶ ನಾಲ್ಕು ಜನ ನೆಂಟರಿಂದ ಬಂತು. ಎಲ್ಲರದ್ದೂ ಒಳ್ಳೆಯ ಮನಸ್ಸು.

ಮಾಮ ಬಾಟಲಿ ತುಂಬ ಮಾಡಿಸಿಟ್ಟರು. ಅದು ಹೋಗಲಿ, 'ಇದು ಕುಡಿಯುವಾಗ ಮಾತ್ರೆ ಯಾಕೆ' ಎಂದು ಮಾತ್ರೆಗಳನ್ನು ಎರಡು ದಿನ ಬಿಟ್ಟರು. ಮೂರನೆಯ ದಿನ ಮಾತ್ರೆಯ ಪಟ್ಟಿ ಹಾಗೇ ಇರುವುದು ಕಂಡು ಮನೆಯವರು ವೈದ್ಯರಿಗೆ ಫೋನ್ ಮಾಡಿದರು. ವೈದ್ಯರು ಜೀವನದಲ್ಲಿ ಮೊದಲ ಸಲ ಎಂಬ ಹಾಗೆ ಗದರಿದರು. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತ ಆಗಬಹುದು. ನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಕೂತು ಗಟ್ಟಿಯಾದ ಕೊಬ್ಬನ್ನು ಹೊಟ್ಟೆಗೆ ಹೋದ ಇಂಜಿ ರಸ ಕರಗಿಸಲಾರದು. ಸಿಂಕಿನ ಪೈಪಿಗೆ ಸುರಿದ ಹಾಗೆ ಅದು ನೇರ ಅಲ್ಲಿಗೆ ಹೋಗುವುದೂ ಇಲ್ಲ.

ಇನ್ನೊಂದು ಬದಿಯೂ ಉಂಟು. ಇಂಜಿಗೆ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ತಡೆಯುವ ಗುಣ ಇರಬಹುದು ಎಂದು ವೈದ್ಯರು ಎಚ್ಚರಿಸುತ್ತಾರೆ. ಸಾರಿಗೆ, ಚಹಾಕ್ಕೆ ಹಾಕುವ ಇಂಜಿಗೆ ಭಯ ಬೇಡ. ಆದರೆ ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ದಿನಾ ಲೋಟಗಟ್ಟಲೆ ಇಂಜಿ ರಸ ಕುಡಿದರೆ, ಇಂಜಿಯ ಕ್ಯಾಪ್ಸೂಲ್ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಆಪರೇಷನ್ ನಿಗದಿಯಾದವರು, ಪಿತ್ತಕೋಶದಲ್ಲಿ ಕಲ್ಲು ಇರುವವರು, ಸಕ್ಕರೆ ಅಥವಾ ಬಿಪಿಯ ಮಾತ್ರೆ ತಿನ್ನುವವರು ಇಂಜಿಯನ್ನು ಮದ್ದಿನ ಪ್ರಮಾಣದಲ್ಲಿ ತೆಗೆದುಕೊಳ್ಳುವ ಮೊದಲು ವೈದ್ಯರಿಗೆ ಹೇಳಬೇಕು. 'ನ್ಯಾಚುರಲ್ ಅಲ್ವಾ, ಏನೂ ಆಗುವುದಿಲ್ಲ' ಎಂಬ ಮಾತು ಸರಿಯಲ್ಲ. ಗುಣ ಮಾಡುವ ಶಕ್ತಿ ಇರುವ ವಸ್ತುವಿಗೆ ತೊಂದರೆ ಕೊಡುವ ಶಕ್ತಿಯೂ ಇರ್ತದೆ.

ಸಂದೇಶ ಕಳಿಸುವವರಿಗೆ ಒಂದು ವಿನಂತಿ. ಕಳಿಸುವ ಮೊದಲು ಅದನ್ನು ಓದುವವರ ಮನೆಯಲ್ಲಿ ಹೃದ್ರೋಗಿ ಇದ್ದಾರಾ ಎಂದು ಒಮ್ಮೆ ಯೋಚಿಸಿ. ನಮಗೆ ಅದು ಒಂದು ಬೆರಳಿನ ಕೆಲಸ, ಅವರಿಗೆ ಪ್ರಾಣದ ವಿಷಯ.

ಹಿತ್ತಲಲ್ಲಿ ಒಂದು ಗೋಣಿ ಇಂಜಿ

ಕಹಿ ಮಾತು ಸಾಕು. ಇಂಜಿಯ ಬೆಲೆ ಏರಿದಾಗಲೆಲ್ಲ ಬೊಬ್ಬೆ ಹೊಡೆಯುವ ನಾವು ಮನೆಯಲ್ಲೇ ಸ್ವಲ್ಪ ಬೆಳೆಸಿಕೊಳ್ಳಬಹುದು. ಕೊಡಗು, ಹಾಸನ, ಶಿವಮೊಗ್ಗ ಕಡೆಯಲ್ಲಿ ಎಕರೆಗಟ್ಟಲೆ ಬೆಳೆಯುವ ಇಂಜಿಗೆ ನಮ್ಮ ಅಂಗಳದ ಒಂದು ಹಳೆ ಗೋಣಿಚೀಲವೂ ಸಾಕಾಗ್ತದೆ.

ಎಪ್ರಿಲ್ ಕೊನೆ, ಮೇ ತಿಂಗಳ ಮೊದಲ ಮಳೆ ಬಿದ್ದಾಗ ಮೊಳಕೆಯ ಕಣ್ಣು ಇರುವ ಆರೋಗ್ಯದ ಇಂಜಿ ಆರಿಸಿ, 20ರಿಂದ 25 ಗ್ರಾಂ ತೂಗುವ ತುಂಡು ಮಾಡಿ. ಮಣ್ಣು, ಮರಳು, ಒಣಗಿದ ಸೆಗಣಿ ಗೊಬ್ಬರ ಸಮನಾಗಿ ಬೆರೆಸಿ ಅರ್ಧ ಗೋಣಿ ತುಂಬಿಸಿ. ಎರಡು ಇಂಚು ಆಳದಲ್ಲಿ ನೆಟ್ಟು, ಮೇಲೆ ಹಸಿರೆಲೆ, ತರಗೆಲೆ ಹೊದಿಸಿ. ಗೋಣಿಯ ಅಡಿಯಲ್ಲಿ ತೂತು ಇರಲೇಬೇಕು. ನಮ್ಮ ಮಳೆಗೆ ನೀರು ನಿಂತರೆ ಕೊಳೆರೋಗ ಹಿಡಿದು ವಾರದಲ್ಲಿ ಎಲ್ಲ ಮುಗಿಯುತ್ತದೆ. ತೆಂಗಿನ ಬುಡದ ಅರೆನೆರಳು ಇದಕ್ಕೆ ಹಿತ. ಆರು ತಿಂಗಳಿಗೆ ಎಳೆ ಇಂಜಿ ಕೀಳಬಹುದು. ಚುಕ್ಕು ಮಾಡಲು ಎಂಟು ತಿಂಗಳು ದಾಟಿ ಎಲೆ ಹಳದಿಯಾಗಿ ಒಣಗುವವರೆಗೆ ಬಿಡಬೇಕು. ಕಿತ್ತ ಇಂಜಿಯನ್ನು ಒಣ ಮರಳು ತುಂಬಿದ ಮಡಕೆಯಲ್ಲಿ ಹೂತಿಟ್ಟರೆ ಫ್ರಿಜ್ಜಿನ ಹಂಗಿಲ್ಲದೆ ಉಳಿಯುತ್ತದೆ.

ನಮ್ಮ ಮನೆಯ ಹಿತ್ತಲಲ್ಲಿ ಈ ವರ್ಷವೂ ಮೂರು ಗೋಣಿ ಇಂಜಿ ಇದೆ. ನೀರು ಹಾಕುವುದು ಮಾಮ. ವೈದ್ಯರು ಹೇಳಿದಷ್ಟೇ ನಡೆಯುತ್ತಾರೆ, ಮಾತ್ರೆ ತಪ್ಪಿಸುವುದಿಲ್ಲ, ಚಹಾಕ್ಕೆ ಒಂದು ಚೂರು ಇಂಜಿ ಮಾತ್ರ ಬೇಕೇ ಬೇಕು.

ಉಮ್ಮ ಇಂಜಿ ಜಜ್ಜುವುದನ್ನು ಬಿಟ್ಟಿಲ್ಲ. ಬಿಡಲೂ ಬಾರದು. ಆದರೆ ಈಗ ಯಾರಾದರೂ ಎದೆ ಉರಿ, ಹೊಟ್ಟೆ ಉರಿ ಎಂದರೆ ಕಲ್ಲಿಗೆ ಕೈ ಹಾಕುವ ಮೊದಲು ಮೂರು ಪ್ರಶ್ನೆ ಕೇಳುತ್ತಾರೆ. ಬೆವರ್ತಾ ಉಂಟಾ? ಕೈಗೋ ಬೆನ್ನಿಗೋ ನೋವು ಹೋಗ್ತದಾ? ಉಸಿರು ಸರಿ ಬರ್ತದಾ? ಮೂರರಲ್ಲಿ ಒಂದಕ್ಕೆ ಅನುಮಾನ ಬಂದರೂ ಇಂಜಿಯನ್ನು ಅಲ್ಲೇ ಇಟ್ಟು ಕಾರಿನ ಕೀಲಿ ಹುಡುಕುತ್ತಾರೆ. ಸಕ್ಕರೆ ಕಾಯಿಲೆಯವರಾದರೆ ಪ್ರಶ್ನೆಯೂ ಇಲ್ಲ, ಮೊದಲು ಆಸ್ಪತ್ರೆ.

ಈ ಮೂರು ಪ್ರಶ್ನೆಗಳನ್ನು ನಿಮ್ಮ ಮನೆಯ ಅಡುಗೆಕೋಣೆಯ ಗೋಡೆಗೂ ಬರೆದು ಅಂಟಿಸಿ. ಮಸಾಲೆ ಡಬ್ಬಗಳ ಪಕ್ಕದಲ್ಲೇ, ಇಂಜಿ ತೆಗೆಯಲು ಕೈ ಚಾಚುವಾಗ ಕಣ್ಣಿಗೆ ಬೀಳುವ ಜಾಗದಲ್ಲಿ ಇರಲಿ.